ಎಮ್ಮಿ ಹುಡುಕೂ ಆಟ

ನಾ ಮೆತ್ತಗ ಮಾತಾಡಾಕ ಕಲ್ತಾಕಿ ಅಲ್ಲ. ಕಲಿಯಾಕ ಯಾರೂ ಬಿಡ್ಲೂ ಇಲ್ಲ. ಬೆಳಗಾವಿ ಶಹಾಪುರದಾಗ ನಮ್ಮ ಮನಿ ಅಂದ್ರ ಮುಂದ ಎರಡು ಖೋಲಿ, ಹಿಂದ ಮಗ್ಗ. ಮುಂಜಾನಿ ಮಗ್ಗ ಚಾಲೂ ಆತಂದ್ರ "ಅವ್ವಾ, ಉಪ್ಪು ಕೊಡು" ಅನ್ನೂದನ್ನೂ ಜಗಳಕ್ಕ ನಿಂತಂಗ ಒದರಬೇಕು. ಹಿಂಗಾಗಿ ಕಾಲೇಜಿನ್ಯಾಗ ನಾ ಬಾಯಿ ತೆರದ್ರ ಸಾಕು, ಸಿಟ್ಟಿಗೆದ್ದಾಳ ನೋಡ್ರಿ ಅಂತಿದ್ರು. ಅರ್ಧಾ ಸಲ ಖರೇನ ಸಿಟ್ಟಿಗೆದ್ದಿರ್ತಿದ್ದೆ, ಅದು ಬ್ಯಾರೆ ಮಾತು.

ನನ್ನ ಗೆಳತಿ ಇದಕ್ಕ ಉಲ್ಟಾ. ಅಕಿ ಮಾತಾಡಿದ್ರ ಬಾಜೂಕ ಕುಂತವ್ರಿಗಷ್ಟ ಕೇಳಬೇಕು. ದಿನಾ ಮುಂಜಾನಿ ಖಾನಾಪುರದಿಂದ ಪ್ಯಾಸೆಂಜರ್ ಗಾಡಿ ಹಿಡದು ಬೆಳಗಾವಿಗೆ ಬರ್ತಿದ್ಲು. ಅಕಿ ಮನಿ ಖಾನಾಪುರ ಊರಾಗೂ ಅಲ್ಲ, ಸ್ಟೇಶನ್ನಿಂದ ಇನ್ನೂ ಕಾಡಿನ ಕಡೆ ನಡೀಬೇಕು. ಮನ್ಯಾಗ ಮರಾಠಿ, ಊರಾಗ ಕನ್ನಡ, ಎಮ್ಮಿ ಜೋಡಿ ಎರಡೂ. ಅಕಿ ಮನಿತನದಾಗ ಎಲ್ಲಾರೂ ಎಮ್ಮಿ ಕಾಯ್ದವ್ರು, ಗದ್ದಿ ಮಾಡಿದವ್ರು. ತಿಂಗಳಾ ಪಗಾರ ಅಂತ ಯಾರೂ ಮನಿಗೆ ತಂದಿರ್ಲಿಲ್ಲ.

ಆ ವರ್ಷ ಅಂಥಾದ್ದೊಂದು ಪಗಾರ ಅಕಿ ಹೊಚ್ಚಲಕ್ಕ ಬಂದು ನಿಂತಿತ್ತು. ಖಾನಾಪುರದ ಒಂದು ಸಾಲಿಗೆ ಕಂಪ್ಯೂಟರ್ ಬಂದಿದ್ವು. ಬಂದು, ಮ್ಯಾಲ ಹಳೇ ಪಡದೆ ಹೊದ್ದುಕೊಂಡು ಕೀಲಿ ಹಾಕಿದ ಖೋಲ್ಯಾಗ ಕುಂತಿದ್ವು, ಯಾಕಂದ್ರ ಕಲಸವ್ರ ಇರ್ಲಿಲ್ಲ. ಹೆಡ್ ಮಾಸ್ತರು ಅಕಿನ್ನ ಕರದು, "ಈ ವರ್ಷ ಪಾಸ್ ಆಗಿ ಬಾ. ಜೂನಿನ್ಯಾಗ ಸಾಲಿ ಶುರು ಆಗೂದ್ರಾಗ ನೀ ಬಂದ್ರ ಜಾಗಾ ನಿಂದು. ಇಲ್ಲಂದ್ರ ನಾ ಬ್ಯಾರೆದವ್ರನ್ನ ನೋಡ್ಬೇಕಾಕ್ಕೈತವಾ" ಅಂದಿದ್ರು. ಬರಿಯೂ ಪರೀಕ್ಷಾದ ಚಿಂತಿ ಅಕಿಗೆ ಇರ್ಲಿಲ್ಲ, ಹುಷಾರ್ ಹುಡಿಗಿ. ಉಳದದ್ದು ಪ್ರಾಜೆಕ್ಟ್ ಒಂದ. ಅದರಾಗ ನಪಾಸಾದ್ರ ಮತ್ತ ಅರ್ಧಾ ವರ್ಷ ಕಾಯಬೇಕು. ಅಲ್ಲೀತನಕ ಆ ಜಾಗಾ ಯಾರ ಇಟ್ಟಿರ್ತಾರ?

ಕ್ಯಾಂಪ್ ಭಾಗದಾಗಿದ್ದ ನಮ್ಮ ಕಂಪ್ಯೂಟರ್ ಕಾಲೇಜಿನ್ಯಾಗ ಪ್ರಾಜೆಕ್ಟ್ ಅಂದ್ರ ಎಲ್ಲಾರದೂ ಒಂದ ಥರದ್ದು. ಗ್ರಂಥಾಲಯದ ಪುಸ್ತಕದ ಲೆಕ್ಕ, ಇಲ್ಲಾ ದವಾಖಾನಿ ಬಿಲ್ಲು. ಇಬ್ಬಿಬ್ಬರು ಕೂಡಿ ಮಾಡಬೇಕು. ಸರ್ ಕೇಳ್ಕೋತ ಬಂದ್ರು, ಲೈಬ್ರರಿ, ಲೈಬ್ರರಿ, ದವಾಖಾನಿ, ಲೈಬ್ರರಿ. ನನಗ ಆಕಳಿಕಿ ಬರಾಕ ಹತ್ತಿತ್ತು. ನಮ್ಮ ಪಾಳಿ ಬಂದಾಗ, ಎಂದೂ ಎದ್ದು ಮಾತಾಡ್ಲಾರದ ನನ್ನ ಗೆಳತಿ ಎದ್ದು ನಿಂತು, "ಆಟಾ ಮಾಡ್ತೀವ್ರಿ ಸರ್" ಅಂದ್ಲು. ನಾ ಅಕಿ ಮಾರಿನ ನೋಡ್ಕೋತ ಕುಂತೆ. ಕಂಪ್ಯೂಟರಿನ್ಯಾಗ ಆಟಾ ಮಾಡೂ ಆಸೆ ಇಬ್ಬರಿಗೂ ಇತ್ತು ಖರೇ, ಆದ್ರ ಹಿಂಗ ಸರ್ ಮುಂದ ಹೇಳೂದಂದ್ರ!

"ಹುಚ್ಚಿ, ನಿನ್ನ ಜಾಗಾದ ಗತಿ?" ಅಂದೆ ಹೊರಗ ಬಂದ ಮ್ಯಾಲ.

"ಆ ಹುಡುಗ್ರಿಗೆ ಪಡದೆ ತಗದ ಮೊದಲನೇ ದಿನಾ ಏನ್ ತೋರಸ್ಲಿ? ಲೈಬ್ರರಿ ಲೆಕ್ಕ ತೋರಸ್ಲಿ ಏನು?" ಅಂದ್ಲು.

ಸರ್ ಏನೂ ಬ್ಯಾಡ ಅನ್ಲಿಲ್ಲ. ಅವರ ಮಾರಿ ಮಾತ್ರ ಉಪ್ಪಿಲ್ಲದ ಪಲ್ಯಾ ತಿಂದಂಗ ಆತು. "ಆಟಕ್ಕ ಕಥಿ ಬೇಕು, ಒಂದು ಜಗತ್ತು ಬೇಕು, ಪಾತ್ರ ಬೇಕು. ಬರೇ ಚೆಂಡು ಪುಟಸಿ ತಂದ್ರ ಹೊರಗಿಂದ ಬರೂ ಪರೀಕ್ಷಕರು ಒಪ್ಪೂದಿಲ್ಲ. ಆಮ್ಯಾಲ ನನ್ನ ಮುಂದ ಬಂದು ಅಳಬ್ಯಾಡ್ರಿ" ಅಂದ್ರು.

ಕಥಿ ಮಾಡಾಕ ಆಯಿತಾರಕ್ಕೊಮ್ಮೆ ನಾನ ಖಾನಾಪುರಕ್ಕ ಹೋಗ್ತಿದ್ದೆ. ನಮ್ಮ ಮನ್ಯಾಗ ಮಗ್ಗದ ಸಪ್ಪಳದಾಗ ಅಕಿ ಹೇಳಿದ್ದು ನನಗ ಕೇಳಸ್ತಿದ್ದಿಲ್ಲ. ಅಕಿ ಮನಿ ಪಡಸಾಲ್ಯಾಗ, ಸಾರಿಸಿದ ನೆಲದ ಮ್ಯಾಲ ಸುಣ್ಣದ ಕಡ್ಡಿಲೆ ಊರು ಬರದ್ವಿ. ಇಲ್ಲಿ ನದಿ, ಇಲ್ಲಿ ಕಾಡು, ಇಲ್ಲಿ ಸಂತಿ. ಪಾತ್ರಕ್ಕ ಅವರಿಕಾಳು, ಹೆಸರಕಾಳು. ಒಂದು ಕೋಳಿ ಬಂದು ನಮ್ಮ ಎರಡು ಪಾತ್ರಾ ನುಂಗಿ ಹೋತು ಒಮ್ಮೆ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸೂ ಕೆಲಸ ಅಂತ ಅಕಿ ಅವ್ವ ನಗ್ತಿದ್ಲು.

ನನ್ನ ತಲ್ಯಾಗ ಮೊದಲು ಇದ್ದದ್ದು ಕೋಟಿ, ಖಡ್ಗ, ಒಬ್ಬ ರಾಕ್ಷಸ. ಭಾಳ ಜೋರಿನಿಂದ ಹೇಳಿದೆ. ಅಕಿ ಎಲ್ಲಾ ಕೇಳಿ, "ಈ ರಾಕ್ಷಸ ಮುಂಜಾನಿಂದ ಸಂಜೀತನಕ ಏನ್ ಮಾಡ್ತಾನ?" ಅಂದ್ಲು.

"ಏನ್ ಮಾಡ್ತಾನ? ಕೋಟ್ಯಾಗ ಕುಂತಿರ್ತಾನ."

"ಅಡಿಗಿ ಯಾರ್ ಮಾಡ್ತಾರ? ಅಂವಗ ಹಾಲು ಎಲ್ಲಿಂದ ಬರ್ತೈತಿ?"

"ಯವ್ವಾ ತಾಯಿ, ರಾಕ್ಷಸಗ ಹಾಲು ಯಾಕಬೇ!" ಅಂತ ಒದರಿದೆ. ಆದ್ರ ಅಕಿ ಕೇಳಿದ್ದು ತಲ್ಯಾಗ ಕುಂತು ಬಿಡ್ತು. ಆ ರಾಕ್ಷಸನ್ನ ನಾ ಎಂದೂ ನೋಡಿಲ್ಲ, ಅಂವ ಏನ್ ಉಣ್ತಾನ ಅನ್ನೂದು ನನಗ ಗೊತ್ತಿಲ್ಲ. ಗೊತ್ತಿದ್ದದ್ದರಾಗ ಮಾಡೂಣು ಅಂತ ಕೋಟಿ ಅಳಿಸಿದ್ವಿ. ಹಂಗ ಹುಟ್ಟಿದ್ದು ನಮ್ಮ ಕಥಿ. ಒಬ್ಬ ಹುಡಿಗಿ, ಅಂಗಳದಾಗ ಒಂದು ಕರು, ಅದರ ತಾಯಿ ಎಮ್ಮಿ ಮೇಯಾಕ ಹೋದದ್ದು ಕಾಣವಲ್ದು, ಹೊತ್ತು ಮುಳುಗೂದ್ರಾಗ ಹುಡುಕಿ ಮನಿಗೆ ತರಬೇಕು. ಕತ್ಲಾತಂದ್ರ ಸೋತಂಗ.

ಅಲ್ಲೇ ಕಂಬಕ್ಕ ಆತ್ಕೊಂಡು ಕುಂತು ಅಕ್ಕಿ ಹಸನ ಮಾಡೂ ಅಕಿ ಅಜ್ಜಿ, ಅವ್ರ ಮನ್ಯಾಗ ಅಜ್ಜಿಗೆ ಆಜಿ ಅಂತಾರ, ಆಟದಾಗ ಎಲ್ಲಾ ಕಡೆ ಬಾಯಿ ಹಾಕ್ತಿದ್ಲು. ಕಂಪ್ಯೂಟರ್ ಅಂದ್ರ ಟೀವಿ ಅಂತ ತಿಳ್ಕೊಂಡಿದ್ಲು, ನಾವೂ ತಿದ್ದಾಕ ಹೋಗಿರ್ಲಿಲ್ಲ. ನಾ ಕಾಡಿನ್ಯಾಗ ಒಂದು ಕರಡಿ ಇಟ್ಟು, ಹುಡಿಗಿ ಕೈಯಾಗ ಬಂದೂಕು ಕೊಟ್ಟೆ. ಆಜಿ ಕೈಯಾಗಿನ ಅಕ್ಕಿ ಮೊರ ಕೆಳಗಿಟ್ಲು.

"ಕರಡಿ ನಿಮ್ಮವ್ವಗ ಏನ್ ಮಾಡೈತಿ? ಅದು ತನ್ನ ದಾರ್ಯಾಗ ತಾ ಹೊಂಟಿರ್ತೈತಿ. ಕಾಡಿನ್ಯಾಗ ಹೋಗುವಾಗ 'ಹೋಯ್, ಹೋಯ್' ಅನ್ಕೋತ ಹೋಗಬೇಕು. ನಾವು ಬರೂದು ಕೇಳಿಸ್ತಂದ್ರ ಅದು ಸರಕೊಂತೈತಿ."

ಅಲ್ಲಿಗೆ ಬಂದೂಕು ಹೋತು. ಅದರ ಬದ್ಲಿ ಒಂದು ಗುಂಡಿ ಒತ್ತಿದ್ರ ಹುಡಿಗಿ "ಹೋಯ್" ಅಂತಾಳ, ಕರಡಿ ಬದಿಗೆ ಸರೀತೈತಿ. ಹುಡಿಗಿಗೆ ಎಲ್ಲಾ ಆಟದಾಗ ಇದ್ದಂಗ ಮೂರು ಜೀವಾ ಕೊಡೂಣು ಅಂದ್ರ ಅದಕ್ಕೂ ಆಜಿ ಒಪ್ಪಲಿಲ್ಲ. "ಸತ್ತಾಕಿ ಮತ್ತ ಎದ್ದು ಹೆಂಗ ಬರ್ತಾಳ? ಅಪಶಕುನಾ ಮಾತಾಡಬ್ಯಾಡ್ರಿ ತುಂಬಿದ ಮನ್ಯಾಗ." ಸಾಯೂದೂ ಹೋತು.

ಚಾ ಮಾತ್ರ ಆಜಿದಲ್ಲ, ಅದು ನಂದ ಅಕ್ಕಲ್. ಹುಡಿಗಿ ಎಮ್ಮಿ ಕಂಡ್ರ್ಯಾ ಅಂತ ಮನಿ ಮನಿಗೆ ಹೋಗಿ ಕೇಳ್ತಾಳಲ್ಲ, ನಮ್ಮ ಕಡೆ ಯಾರ ಮನಿಗೆ ಹೋದ್ರೂ ಸುಮ್ಮನ ಸುದ್ದಿ ಹೇಳಿ ಕಳಸ್ತಾರೇನು? ಬರ್ರಿ, ಕುಂದರ್ರಿ, ಬೆಲ್ಲಾ ನೀರು ತಗೋರಿ, ಚಾ ಕುಡೀರಿ. ಕುಡೀದಿದ್ರ ಆ ಮನ್ಯಾಕಿ ಎಮ್ಮಿ ಸುದ್ದಿ ಹೇಳೂದಿಲ್ಲ. ಕುಡದ್ರ ಹೊತ್ತು ಇಳೀತೈತಿ. ಏಳಬೇಕಂದ್ರ "ಬರ್ತೀನ್ರಿ" ಅನ್ನೂ ಗುಂಡಿ ಒತ್ತಬೇಕು. ಒತ್ತದಿದ್ರ ಇನ್ನೊಂದು ಕಪ್ ಬರ್ತೈತಿ. ನಮಗ ಇದು ಎಷ್ಟು ಖುಷಿ ಆತಂದ್ರ ಇಬ್ರೂ ಪಡಸಾಲ್ಯಾಗ ಹೊಳ್ಳಾಡಿ ನಕ್ಕಿದ್ವಿ.

ಚಿತ್ರ ಬಿಡಸಾಕ ನಮ್ಮಪ್ಪಾ ಕುಂತ. ಸೀರಿ ಅಂಚಿನ ನಕ್ಷಿ ಅಂವ ಚೌಕಳಿ ಹಾಳ್ಯಾಗ ಬಿಡಸ್ತಿದ್ದ, ಒಂದೊಂದು ಚೌಕಕ್ಕ ಒಂದೊಂದು ಎಳಿ. ಕಂಪ್ಯೂಟರಿನ ಚಿತ್ರಾನೂ ಚೌಕದ ಮ್ಯಾಲ ಚೌಕ ಅಂದಾಗ, "ಇಷ್ಟ ಹೌದಿಲ್ಲೋ" ಅಂದ. ಹುಡಿಗಿ, ಮನಿ, ಗಿಡಾ, ಕರಡಿ ಎಲ್ಲಾ ಚೆಂದ ಬಂದ್ವು. ಎಮ್ಮಿ ನೋಡಿ ನಾ ಹಣಿ ಹಣಿ ಬಡಕೊಂಡೆ. ಎರಡೂ ತುದಿಗೆ ತಲಿ ಇತ್ತು.

"ಅಪ್ಪಾ, ಇದರ ಬಾಲಾ ಎಲ್ಲಿ?"

"ಅಂಚಿನ್ಯಾಗ ಬಾಲಾ ಯಾರ್ ಹಾಕ್ತಾರ? ಯಾವ ಕಡಿಂದ ನೋಡಿದ್ರೂ ಮಾರಿ ಕಾಣಬೇಕು" ಅಂದ ಭಾಳ ಗಂಭೀರ ಆಗಿ. ಇಷ್ಟು ವರ್ಷ ಅಂವ ನವಿಲು, ಆನಿ, ಗಿಳಿ ಎಲ್ಲಾನೂ ಹಂಗ ಜೋಡಿ ಮಾರಿ ಮಾಡಿ ಬಿಡಿಸಿದಾಂವ. ಕಡೀಕ ಆ ಎಮ್ಮಿನ್ನ ನಡಬರಕ ಕತ್ತರಿಸಿ, ಅರ್ಧಾ ಎಡಕ್ಕ ನಡಿಯೂ ಎಮ್ಮಿ, ಅರ್ಧಾ ಬಲಕ್ಕ ನಡಿಯೂ ಎಮ್ಮಿ ಮಾಡಿ ಬಾಲಾ ಹಚ್ಚಿದ್ವಿ. ಅಪ್ಪಾ ಒಂದು ವಾರ ನನ್ನ ಜೋಡಿ ಮಾತಾಡಲಿಲ್ಲ, ನಕ್ಷಿ ಕೆಡಿಸಿದಿ ಅಂತ.

ಪ್ರೋಗ್ರಾಮ್ ಬರಿಯೂದನ್ನ ಹಂಚಿಕೊಂಡ್ವಿ. ಮನಿ, ಚಾ, ಹೊತ್ತು ಮುಳುಗೂದು ನಂದು. ಕಾಡು, ಕರಡಿ, ಎಮ್ಮಿ ನಡಿಯೂದು ಅಕಿದು. ಎಮ್ಮಿ ಹೆಂಗ ನಡೀತೈತಿ ಅನ್ನೂದು ನಾ ಅಕಿಗೆ ಕೇಳಲಿಲ್ಲ. ಎಮ್ಮಿ ಮನ್ಯಾಗ ಇದ್ದಾಕಿಗೆ ನಾ ಏನ್ ಕೇಳ್ಲಿ? ಕಾಲೇಜಿನ್ಯಾಗ ಕಂಪ್ಯೂಟರ್ ಸಿಗೂದು ಪಾಳಿ ಮ್ಯಾಲ. ಇಬ್ಬರ ಕೆಲಸಾನೂ ಕೂಡಿಸಿ ನೋಡಾಕ ಸಿಕ್ಕದ್ದು ಕಡೀ ವಾರಷ್ಟ. ಆಗ ಆಡಿದಾಗೆಲ್ಲಾ ಲಗೂ ಲಗೂ ಓಡಿ ಎಮ್ಮಿ ಹಿಡದು ಬಿಡ್ತಿದ್ವಿ, ಪಾಳಿ ಮುಗೀತೈತಿ ಅನ್ನೂ ಅವಸರದಾಗ. ಸೂರ್ಯಾ ಕೆಂಪ ಆಗೂತನಕ ನಾವು ಒಮ್ಮೆನೂ ಕುಂತಿರ್ಲಿಲ್ಲ.

ಪರೀಕ್ಷಾದ ದಿನಾ ಬಂತು. ಹೊರಗಿಂದ ಬಂದ ಪರೀಕ್ಷಕರು ವಯಸ್ಸಾದವ್ರು, ಬಿಳೀ ಅಂಗಿ, ಮುಂಜಾನಿಂದ ಗ್ರಂಥಾಲಯ ನೋಡಿ ನೋಡಿ ಕಣ್ಣು ಸಣ್ಣಾಗಿದ್ವು. ನಮ್ಮ ಆಟದ ಮುಂದ ಕುಂತ್ರು. ಅವ್ರು ಗುಂಡಿ ಮುಟ್ಟಿದ ಮ್ಯಾಲ ನಾವು ಹಿಂದ ಸರದು, ಕೇಳಿದ್ರಷ್ಟ ಬಾಯಿ ತೆರೀಬೇಕು, ಅದು ಅಲ್ಲಿ ಕಟ್ಟಳೆ. ಸರ್ ನನ್ನ ಕಡೆ ನೋಡಿ ಕಣ್ಣಲೇ ಹೇಳಿದ್ರು, ಸುಮ್ಮನಿರು ಅಂತ.

ಮೊದಲನೇ ಪರದ್ಯಾಗ ಯಾವ ಗುಂಡಿ ಒತ್ತಿದ್ರ ಏನಾಕ್ಕೈತಿ ಅಂತ ಬರದಿದ್ವಿ. ಅದನ್ನ ಅವ್ರು ಓದಲಿಲ್ಲ. ಹುಡಿಗಿನ್ನ ಬಾಜೂ ಮನಿಗೆ ಕರಕೊಂಡು ಹೋದ್ರು. ಬರ್ರಿ, ಕುಂದರ್ರಿ. ಬೆಲ್ಲಾ ನೀರು. ಚಾ. ಇನ್ನೊಂದು ತುಸು ತಗೋರಿ. ಅವ್ರು ಒತ್ತಿದ್ರು, ಮತ್ತ ಚಾ ಬಂತು. ಮತ್ತ ಒತ್ತಿದ್ರು, ಮತ್ತ ಚಾ. "ಬರ್ತೀನ್ರಿ" ಅನ್ನೂ ಗುಂಡಿ ಅವರಿಗೆ ಸಿಗವಲ್ದು. ಸೂರ್ಯಾ ಇಳಿಯಾಕ ಹತ್ತಿದ.

ಕಾಡು ನೋಡ್ಲಿಲ್ಲ, ಕರಡಿ ನೋಡ್ಲಿಲ್ಲ, ಸಂತಿ ನೋಡ್ಲಿಲ್ಲ. ಹಿಂಗ ಕತ್ಲಾಗಿ ಆಟಾ ಮುಗದ್ರ ಚಾ ಕುಡಿಯೂ ಆಟಾ ಮಾಡ್ಯಾರಿವರು ಅಂತ ಬರದು ಹೋಗ್ತಾರ. ನನಗೇನು, ನಾ ಮತ್ತ ಪರೀಕ್ಷಾಕ್ಕ ಕುಂದರ್ತೀನಿ. ಬಾಜೂಕ ನಿಂತಾಕಿ ಓಡಣಿ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಾಕ ಹತ್ತಿದ್ಲು. ಖಾನಾಪುರದ ಆ ಕೀಲಿ ಹಾಕಿದ ಖೋಲಿ, ಪಡದೆ ಹೊದ್ದ ಕಂಪ್ಯೂಟರ್ ನನ್ನ ಕಣ್ಣಮುಂದ ಬಂದ್ವು. ಶಿವನೇ, ಏಳ್ರಿ ಸಾಹೇಬ್ರ, ಚಾ ಸಾಕ್ರಿ, ಅಂತ ಮನಸ್ಸಿನ್ಯಾಗ ಒದರಿದೆ.

ಸೂರ್ಯಾ ಕೆಂಪಾದ. ಅಷ್ಟರಾಗ ಪರದೆ ಮೂಲ್ಯಾಗಿಂದ, ಯಾರೂ ಕರೀದ, ನಮ್ಮಪ್ಪನ ಅರ್ಧಾ ಎಮ್ಮಿ ಬಂತು. ತನ್ನ ಪಾಡಿಗೆ ತಾ ನಡಕೋತ ಬಂದು, ಹುಡಿಗಿ ಮನಿ ಅಂಗಳದಾಗ ಕರು ಬಾಜೂಕ ನಿಂತ್ಕೊಂತು. "ಎಮ್ಮಿ ಮನಿಗೆ ಬಂತು. ನೀವು ಗೆದ್ರಿ" ಅಂತ ಅಕ್ಷರ ಮೂಡಿದ್ವು.

ಪರೀಕ್ಷಕರು ಹಿಂದ ಹೊಳ್ಳಿ ನೋಡಿದ್ರು. "ಇದೇನವಾ? ನಾ ಕುಂತಲ್ಲೆ ಕುಂತು ಚಾ ಕುಡದೆ. ಗೆದ್ದೆ?"

ಸರ್ ಕಣ್ಣು ಮುಚ್ಚಿಕೊಂಡ್ರು. ನನಗ ಆಗ ತಿಳೀತು ಏನಾಗೈತಿ ಅಂತ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೂದು ಇದಕ್ಕ. ಕತ್ಲಾದ್ರ ಸೋಲು ಅಂತ ನಾ ಬರದಿದ್ದೆ. ಅಕಿ ನೋಡಿದ್ರ, ಹೊತ್ತು ಕೆಂಪಾದ ಕೂಡ್ಲೆ ಎಮ್ಮಿ ಮನೀ ಕಡೆ ಹೊಳ್ಳಬೇಕು ಅಂತ ಬರದಿದ್ಲು. ಅಂದ್ರ ನಮ್ಮ ಆಟದಾಗ ಕತ್ಲಾಗೂಕಿಂತ ಮೊದಲ ಎಮ್ಮಿ ಮನ್ಯಾಗ. ಯಾರ ಆಡಿದ್ರೂ, ಆಡದಿದ್ರೂ, ಸೋಲಾಕ ಸಾಧ್ಯನ ಇಲ್ಲ! ತಪ್ಪಾಗೇತ್ರಿ ಅನ್ನಾಕ ನಾ ಬಾಯಿ ತೆರದೆ. ಅಕಿ ನನಗಿಂತ ಮೊದಲ ಮಾತಾಡಿದ್ಲು, ಯಾವಾಗಿನಂಗ ಮೆತ್ತಗ.

"ಸರ್, ಕರು ಮನ್ಯಾಗ ಐತಲ್ರೀ."

"ಅಂದ್ರ?"

"ಹೊತ್ತು ಮುಳುಗೂದ್ರಾಗ ಎಮ್ಮಿ ಬಂದ ಬರ್ತೈತ್ರಿ. ಕರು ಬಿಟ್ಟು ಎಲ್ಲಿ ಹೊಕ್ಕೈತಿ?"

ಅವ್ರು ಪರದ್ಯಾಗಿನ ಹುಡಿಗಿ ಮ್ಯಾಲ ಬೆರಳಿಟ್ರು. "ಬಂದ ಬರ್ತೈತಿ ಅಂದ್ರ ಈ ಹುಡಿಗಿ ಹುಡುಕ್ಕೋತ ಯಾಕ ಹೊಂಟ್ಲು?"

ಅಕಿ ಸುಮ್ಮನಾದ್ಲು. ನಾನೂ ಸುಮ್ಮನಾದೆ. ನಾ ಸುಮ್ಮನಾದದ್ದು ನೋಡಿ ಸರ್‌ಗ ಖರೇನ ಭಯಾ ಆಗಿರಬೇಕು. ಪರೀಕ್ಷಕರು ನಮ್ಮ ಇಬ್ಬರ ಮಾರಿ ನೋಡಿ, ಉತ್ತರ ಬರೂದಿಲ್ಲ ಅಂತ ತಿಳದು, "ಹೋಗಲಿ. ಈ ಚಾದಿಂದ ಏಳೂದು ಹೆಂಗ, ಅದನ್ನರ ಹೇಳ್ರಿ" ಅಂದ್ರು. ನಾ ಹೇಳಿದ ದನಿಗೆ ಬಾಜೂ ಖೋಲ್ಯಾಗಿನವ್ರೂ ಹೊಳ್ಳಿ ನೋಡಿದ್ರು. ಮತ್ತ ಮೊದಲಿಂದ ಆಡಿದ್ರು. ಕಾಡಿಗೆ ಹೋದ್ರು, ಹೋಯ್ ಅನಿಸಿದ್ರು, ಕರಡಿ ಸರೀತು, ಮತ್ತೊಮ್ಮೆ ಸುಮ್ಮಸುಮ್ಮನ ಹೋಯ್ ಅನಿಸಿದ್ರು. ನಕ್ಕರೋ ಏನೋ, ಹಿಂದ ನಿಂತ ನಮಗ ಬೆನ್ನಷ್ಟ ಕಾಣ್ತಿತ್ತು. ಎದ್ದು ಏನೂ ಹೇಳಲಾರದ ಹೊಂಟು ಹೋದ್ರು.

ಪಾಸೋ ನಪಾಸೋ ಸಂಜಿಮುಂದ ಹೇಳ್ತೀನಿ ಅಂದ್ರು ಸರ್. ಎಲ್ಲಾರೂ ಹೋದ್ರು. ನಾವಿಬ್ರು ಕಾಲೇಜಿನ ಎದುರಿನ ಗಿಡದ ಕೆಳಗ ಕುಂತ್ವಿ. ಅಕಿ ದಿನಾ ಹೋಗೂ ಗಾಡಿ ಹೊತ್ತಾತು, ಹೋಗು ಅಂದೆ. ತಿಳಕೊಳ್ಳಲಾರದ ಮನಿಗೆ ಹೋದ್ರ ಆಜಿಗೆ ಏನ್ ಹೇಳ್ಲಿ ಅಂದ್ಲು. ಆ ಗಾಡಿ ಹೋತು. ಎಮ್ಮಿನ್ನ ಯಾಕ ಹಂಗ ಬರದಿ ಅಂತ ನಾ ಕೇಳಲಿಲ್ಲ. ಹಂಗ ಬರೀದ ಮತ್ತ ಹೆಂಗ ಬರೀತಾಳ?

ಸರ್ ಬಾಗಲಾ ಹಾಕ್ಕೊಂಡು ಹೊರಗ ಬಂದವ್ರು ನಮ್ಮನ್ನ ನೋಡಿ ಸೈಕಲ್ ನಿಲ್ಲಿಸಿದ್ರು. "ಸೋಲೂದ ಇಲ್ಲದ್ದು ಆಟ ಹೆಂಗ ಆಕ್ಕೈತಿ ಅಂತ ಮಾರ್ಕ್ಸ್ ಕಡಿಮಿ ಹಾಕ್ಯಾರ" ಅಂದ್ರು. ಸೈಕಲ್ ಮತ್ತ ಹತ್ತಿದ್ರು. "ಪಾಸ್ ಮಾಡ್ಯಾರ. ಇಬ್ಬರನ್ನೂ. ನಡೀರಿನ್ನ ಮನಿಗೆ."

ಹೋದ ಜೀವಾ ಬಂದಂಗಾತು. ನಾ ಅಲ್ಲೆ ರಸ್ತೆದಾಗ ನಿಂತು ಗೊಳೋ ಅಂತ ಅತ್ತೆ. ಅಕಿ ಅಳಲಿಲ್ಲ, ನಲ್ಲಿ ಕಡೆ ಹೋಗಿ ಬೊಗಸಿ ಹಿಡದು ನೀರು ಕುಡದ್ಲು, ಕುಡದ್ಲು, ಕುಡದ ಕುಡದ್ಲು. ಮುಂಜಾನಿಂದ ಒಂದು ಗುಟುಕು ನೀರು ಅಕಿ ಗಂಟಲದಾಗ ಇಳದಿರ್ಲಿಲ್ಲಂತ.

ಮುಂದಿನ ಗಾಡಿಗೆ ನಾನೂ ಅಕಿ ಜೋಡಿ ಹೊಂಟೆ, ಒಬ್ಬಾಕಿನ್ನ ಕಳಸೂದು ಹೆಂಗ ಅಂತ. ಅಪ್ಪಗ ಹೇಳಾಕ ಓಣ್ಯಾಗ ಫೋನಿತ್ತು. ಅಕಿ ಮನಿಗೆ ಫೋನಿರ್ಲಿಲ್ಲ. ಖಾನಾಪುರದಾಗ ಇಳಿಯೂ ಹೊತ್ತಿಗೆ ದೀಪ ಹಚ್ಚೂ ಹೊತ್ತು ದಾಟಿತ್ತು. ಗದ್ದಿ ದಂಡಿ ಹಿಡದು ನಡದ್ವಿ, ಗಿಡಾ ದಟ್ಟ ಆಗಾಕ ಹತ್ತಿದ್ವು. ನನಗ ಕರಡಿ ನೆನಪಾತು. ಆಟದಾಗಿಂದಲ್ಲ, ಖರೇದ್ದು.

"ಹೋಯ್ ಅನ್ನು" ಅಂದ್ಲು ಅಕಿ.

ಮಗ್ಗದ ಮನಿ ಗಂಟಲಾ ನಂದು. "ಹೋಯ್!" ಅಂದ್ರ ಹಕ್ಕಿ ಎದ್ದು ಹಾರಿದ್ವು. ಇನ್ನೊಮ್ಮೆ ಅನ್ನಾಕ ಉಸಿರು ತಗೋತಿದ್ದೆ, ಆ ಕಡಿಂದ ಯಾರೋ ಹೊಳ್ಳಿ "ಹೋಯ್" ಅಂದ್ರು. ಹಾದಿ ತಿರುವಿನ್ಯಾಗ ಕಂದೀಲು ಕಾಣಿಸ್ತು. ಕಂದೀಲಿನ ಹಿಂದ ಕೋಲು, ಕೋಲಿನ ಹಿಂದ ಆಜಿ. ಮನ್ಯಾಗ ಪಡಸಾಲಿ ದಾಟಿ ಅಂಗಳಕ್ಕ ಬರಾಕ ಮೊಣಕಾಲು ಅಂತಿದ್ದಾಕಿ, ಇಷ್ಟು ದೂರ ಒಬ್ಬಾಕಿನ ನಡದು ಬಂದಿದ್ಲು.

"ಎಲ್ಲಿ ಹಾಳಾಗಿ ಹೋಗಿದ್ರ್ಯಾ?" ಅಂತ ಶುರು ಮಾಡಿದ್ಲು ಮೊದಲ, ಅರ್ಧಾ ಮರಾಠಿ, ಅರ್ಧಾ ಕನ್ನಡ, ಬೈಗಳಾ ಎರಡರಾಗೂ. "ನಿಮ್ಮವ್ವ ಅಂತಾಳ, ಬರ್ತಾಳ ಬಿಡ್ರಿ ಅತ್ತಿ, ಎಲ್ಲಿ ಹೊಕ್ಕಾಳ ಅಂತ. ಬರ್ತಾಳಂತ ನನಗ ಗೊತ್ತಿಲ್ಲೇನು? ಗೊತ್ತೈತಿ. ಆದ್ರ ಕುಂದ್ರಾಕ ಆಗಬೇಕಲ್ಲ! ಎಮ್ಮಿನೂ ಹಿಂಡಿಲ್ಲ, ಹಂಗ ಬಿಟ್ಟು ಬಂದೀನಿ."

ನಾವಿಬ್ರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಹುಡುಕ್ಕೋತ ಯಾಕ ಹೊಂಟ್ಲು ಅಂತ ಕೇಳಿದ ಪರೀಕ್ಷಕರು ಆ ಹೊತ್ತಿನ್ಯಾಗ ಎಲ್ಲಿದ್ರೋ, ಯಾವ ಊರಾಗ ಉಣ್ತಿದ್ರೋ.

"ಆಜಿ, ಪಾಸಾದೆ" ಅಂದ್ಲು ನನ್ನ ಗೆಳತಿ.

ಆಜಿಗೆ ಒಮ್ಮೆಗೆ ತಿಳೀಲಿಲ್ಲ. "ಅಂದ್ರ, ಆ ಸಾಲಿ?"

"ಹೂಂ. ಆ ಸಾಲಿ. ಜಾಗಾ ನಂದ."

ಆಜಿ ಕಂದೀಲು ಕೆಳಗಿಟ್ಲು. ಆಮ್ಯಾಲ ಹಾದಿ ದಂಡಿಗಿದ್ದ ಕಲ್ಲಿನ ಮ್ಯಾಲ ತಾನೂ ಕುಂತ್ಲು, ಎರಡೂ ಮೊಣಕಾಲಿನ ಮ್ಯಾಲ ಕೈ ಇಟ್ಕೊಂಡು. "ಈಗ ನೋಯಾಕ ಹತ್ತಿದ್ವು ನೋಡ್ರಿ ಕಾಲು" ಅಂದ್ಲು. "ಇಲ್ಲೀತನಕ ಬರೂವಾಗ ಒಂಚೂರೂ ನೋವಿರ್ಲಿಲ್ಲ."

ನಾವೂ ಅಕಿ ಎರಡೂ ಬಾಜೂಕ ನೆಲದ ಮ್ಯಾಲ ಕುಂತ್ವಿ. ದೂರದಾಗ ಅವರ ಎಮ್ಮಿ ಒಂದ ಸವನ ಒದರಾಕ ಹತ್ತಿತ್ತು, ಹಿಂಡಬರ್ರಿ ಅಂತ.